ಅಂಚಿಲ್ಲದ ನೀರಿನಲ್ಲಿ ಎರಡು ಸುಳಿ

"ಬಿಟ್ಟು ಹೋಗ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ, ಇದೊಂದು ಸಲ ಬಿಟ್ಟು ಹೋಗ್ಬೇಡ."

ಕೆಲಸಕ್ಕೆ ಸೇರಿದ ಮೊದಲ ದಿನ, ನನಗೆ ಕೊಟ್ಟಿದ್ದ ಕೋಣೆಯ ಬಾಗಿಲು ತಳ್ಳಿದಾಗ ಕೇಳಿಸಿದ ಮಾತು ಇದು. ಒಳಗೆ ಒಬ್ಬ ನನಗೆ ಬೆನ್ನು ಹಾಕಿ ಕೂತಿದ್ದ. ಪಾಪ, ಹೆಂಡತಿ ಜೊತೆ ಫೋನಿನಲ್ಲಿ ಮಾತಾಡುತ್ತಿರಬೇಕು ಅಂದುಕೊಂಡು ಬಾಗಿಲು ಎಳೆದುಕೊಂಡು ಹೊರಗೇ ನಿಂತೆ. ಕೈಯಲ್ಲಿದ್ದ ಕಾಫಿ ಆರಿ ತಣ್ಣಗಾಯಿತು. ಕಡೆಗೆ ತಡೆಯಲಾರದೆ ಕೆಮ್ಮಿ ಒಳಗೆ ಹೋದರೆ ಅವನ ಹತ್ತಿರ ಫೋನೇ ಇರಲಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಎರಡು ಪುಟ್ಟ ಸುಳಿಗಳು ಒಂದನ್ನೊಂದು ಸುತ್ತುತ್ತಿದ್ದವು.

"ಇವುಗಳ ಹತ್ರಾನಾ ಬೇಡ್ಕೊಳ್ತಿದ್ದಿದ್ದು?"

"ಮತ್ಯಾರ ಹತ್ರ?"

"ನಿಮ್ಮ ಹೆಂಡತಿ ಅಂದ್ಕೊಂಡೆ."

"ಮದುವೆ ಆಗಿಲ್ಲ ರೀ," ಅಂದು ಕುರ್ಚಿ ತಿರುಗಿಸಿದ. ಹುಬ್ಬಿನ ಮೇಲೆ ಸೀಮೆಸುಣ್ಣದ ಪುಡಿ ಕೂತಿತ್ತು. "ನೀವು ಗಣಿತದವರಲ್ವಾ? ನಂದು ಸರಿ ಅಂತ ಸಾಧಿಸೋಕೆ ಬಂದವರು?"

ಹೌದು, ಅದಕ್ಕೇ ಬಂದಿದ್ದೆ. ನಮ್ಮ ವಿಭಾಗದಲ್ಲಿ ಕಾರಿಡಾರಿನ ಒಂದು ಕಡೆ ಗಣಿತದವರು, ಇನ್ನೊಂದು ಕಡೆ ಭೌತಶಾಸ್ತ್ರದವರು, ನಡುವೆ ಸದಾ ಕೆಟ್ಟಿರುವ ಕಾಫಿ ಮಷೀನು. ಅವನು ಆ ಕಡೆಯವನು. ವಿಪರೀತ ತಣ್ಣಗೆ ಮಾಡಿದಾಗ ಕೆಲವು ದ್ರವಗಳು ಹೆಚ್ಚೂಕಡಿಮೆ ಅಡೆತಡೆಯೇ ಇಲ್ಲದೆ ಹರಿಯುತ್ತವೆ. ಅಂಥದ್ದರಲ್ಲಿ ಒಂದೇ ದಿಕ್ಕಿಗೆ ತಿರುಗುವ ಎರಡು ಸುಳಿ ಎದ್ದರೆ ಒಂದನ್ನೊಂದು ಸುತ್ತುತ್ತವೆ. ಆದರೆ ಉಳಿದಿರುವ ಚೂರು ಘರ್ಷಣೆ ಅವನ್ನು ಮೆಲ್ಲಗೆ ದೂರ ತಳ್ಳುತ್ತದೆ. ಅವನು ಹೊಸದೊಂದು ಬಲವನ್ನು ಲೆಕ್ಕಕ್ಕೆ ಸೇರಿಸಿದ್ದ. ಆ ಬಲ ಇದ್ದರೆ ಅಂಚೇ ಇಲ್ಲದ ನೀರಿನಲ್ಲೂ ಜೋಡಿ ಎಂದೆಂದಿಗೂ ಅಗಲುವುದಿಲ್ಲ ಅನ್ನುವುದು ಅವನ ಮಾತು. ಕಂಪ್ಯೂಟರಿನಲ್ಲಿ ಅಗಲಲೂ ಇಲ್ಲ.

ಕಂಪ್ಯೂಟರ್ ತೋರಿಸಿದ್ದು ಪ್ರೂಫ್ ಅಲ್ಲವಲ್ಲ. ನಮ್ಮ ಮುಖ್ಯಸ್ಥೆ, ಬೆನ್ನ ಹಿಂದೆ ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದ ಹೆಂಗಸು, ಪ್ರೂಫ್ ಬರೆಯಲೆಂದು ನನ್ನನ್ನು ತಾತ್ಕಾಲಿಕವಾಗಿ ತೆಗೆದುಕೊಂಡಿದ್ದರು. ಅದು ಸಿಕ್ಕರೆ ಅವನಿಗೆ ಪರ್ಮನೆಂಟ್ ಹುದ್ದೆ, ಅವನ ಪ್ರಾಜೆಕ್ಟಿನಲ್ಲಿ ನನ್ನ ಕೆಲಸವೂ ಮುಂದುವರಿಯುತ್ತದೆ. ಸಿಗದಿದ್ದರೆ ಇಬ್ಬರೂ ಊರು ಬಿಡಬೇಕು.

ಒಂದು ದಿನ ಅವನು ಮೇಜಿನ ಕೆಳಗೆ ಬಗ್ಗಿ ವೈರ್ ಹುಡುಕುತ್ತಿದ್ದಾಗ ನೆತ್ತಿ ಕಾಣಿಸಿತು.

"ಅಯ್ಯೋ, ನಿಮ್ಮ ತಲೇಲೂ ಎರಡು ಸುಳಿ! ಎರಡು ಸುಳಿ ಇದ್ರೆ ಎರಡು ಮದುವೆ ಅಂತಾರೆ ನಮ್ಮಮ್ಮ."

"ಒಂದಕ್ಕೇ ಗತಿ ಇಲ್ಲ. ಎರಡನೇದನ್ನ ಯಾರಿಗಾದ್ರೂ ದಾನ ಕೊಟ್ಬಿಡ್ತೀನಿ."

"ಮೊದಲನೇದು?"

ಎದ್ದವನು ಮೇಜಿಗೆ ತಲೆ ಬಡಿದುಕೊಂಡ. ತಲೆ ಉಜ್ಜಿಕೊಳ್ಳುತ್ತ ನನ್ನನ್ನು ನೋಡಿ, ಕೂಡಲೇ ವೈರಿನ ಕಡೆ ನೋಡಿದ. ಅವತ್ತಿನಿಂದ ನಾನು ಅವನನ್ನು ಸುಳಿ ಅಂತಲೇ ಕರೆಯತೊಡಗಿದೆ.

ನಮ್ಮದೊಂದು ಕೆಲಸದ ರೀತಿ ಇತ್ತು, ವೈರಿ ಆಟ. ಒಬ್ಬರು ಬೋರ್ಡಿನ ಮುಂದೆ ನಿಂತು ವಾದ ಮಂಡಿಸಬೇಕು, ಇನ್ನೊಬ್ಬರು ಮೇಜಿನ ಮೇಲೆ ಕೂತು ಅದರಲ್ಲಿ ತೂತು ಹುಡುಕಬೇಕು. ಮುಲಾಜು ನೋಡಬಾರದು ಅನ್ನುವುದೊಂದೇ ನಿಯಮ. ಅದನ್ನು ಮಾಡಿದವನೂ ಅವನೇ. ಊಟ ಮುಗಿಸಿ ಬರುತ್ತಲೇ ಬೋರ್ಡ್ ಒರೆಸಿ, "ಬನ್ನಿ ವೈರಿಗಳೇ," ಅನ್ನುತ್ತಿದ್ದ. ಮುರಿಯದ ಸೀಮೆಸುಣ್ಣ ಇದ್ದರೆ ಅದು ನನಗೆ, ಚೂರುಪಾರು ಅವನಿಗೆ. ನಾನು ತೂತು ಹಿಡಿದಾಗ ಅವನ ಮುಖ ಮೊದಲು ಬಾಡುತ್ತಿತ್ತು, ಮರುಗಳಿಗೆ ಹೂವಿನಂತೆ ಅರಳುತ್ತಿತ್ತು. ಆ ಅರಳುವುದನ್ನು ನೋಡುವ ಆಸೆಗೇ ನಾನು ಇನ್ನಷ್ಟು ಹುಡುಕುತ್ತಿದ್ದೆ. ನನಗೆ ನಾಚಿಕೆಯಾದರೂ ಹೇಳುತ್ತೇನೆ, ಬೋರ್ಡಿಗಿಂತ ಅವನನ್ನೇ ಹೆಚ್ಚು ನೋಡಿದ್ದೇನೆ.

"ಆ ಸುಳಿ ಹುಡುಗ ಹೇಗಿದಾನೆ?" ಅಮ್ಮ ಫೋನಿನಲ್ಲಿ ಕೇಳಿದಳು.

"ಅಮ್ಮಾ! ಹಾಗೇನಿಲ್ಲ!"

"ನಾನೇನಂದೆ? ಹೇಗಿದಾನೆ ಅಂದೆ ಅಷ್ಟೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ."

ಹುದ್ದೆಯ ಸಂದರ್ಶನದ ದಿನ ಗೊತ್ತಾದ ಮೇಲೆ ಅವನು ಒಂದು ಮಧ್ಯಾಹ್ನ ಕಿಟಕಿಯ ಕಡೆ ಮುಖ ಮಾಡಿಕೊಂಡು, "ಇದೊಂದು ಮುಗೀಲಿ. ನಿಮ್ಮ ಹತ್ರ ಒಂದು ಮಾತಿದೆ," ಅಂದ.

"ಈಗ್ಲೇ ಹೇಳಿ."

"ನಾಳೆ ಎಲ್ಲಿರ್ತೀನಿ ಅಂತ ಗೊತ್ತಿಲ್ಲದವನು ಆಡೋ ಮಾತಲ್ಲ ಅದು."

ಅವನ ಕಿವಿಯ ತುದಿ ಕೆಂಪಾಗಿತ್ತು. ಆ ದಿನ ನಾನು ಮನೆಗೆ ನಡೆದು ಹೋದೆನೋ ಹಾರಿ ಹೋದೆನೋ ಗೊತ್ತಿಲ್ಲ.

ಪ್ರೂಫ್ ಮಾತ್ರ ಒಂದು ಕಡೆ ಸಿಕ್ಕಿಹಾಕಿಕೊಂಡಿತ್ತು. ಎಷ್ಟು ಜಗ್ಗಿದರೂ ಕೊನೆಯ ಸಾಲು ಕೂಡಿ ಬರುತ್ತಿರಲಿಲ್ಲ. ಯಾಕೆ ಅನ್ನುವುದು ಬಸ್ಸಿಗೆ ಕಾಯುತ್ತಿದ್ದಾಗ ಹೊಳೆಯಿತು. ಹೊಳೆಯದಿದ್ದರೇ ಚೆನ್ನಾಗಿತ್ತು.

ಕೊನೆಯಿಲ್ಲದ ನೀರು ಕಂಪ್ಯೂಟರಿನಲ್ಲಿ ಹಿಡಿಸುವುದಿಲ್ಲ. ಅದಕ್ಕೆ ನೀರನ್ನು ಒಂದು ಡಬ್ಬಿಯಲ್ಲಿಟ್ಟು ಅಂಚಿಗೆ ಅಂಚು ಸೇರಿಸುತ್ತಾರೆ. ಬಲಗಡೆ ಹೊರಟಿದ್ದು ಎಡಗಡೆಯಿಂದ ಒಳಗೆ ಬರುತ್ತದೆ. ಅವನ ಕಡೆಯವರೆಲ್ಲ ದಿನಬೆಳಗಾದರೆ ಮಾಡುವ ಕೆಲಸ, ಅವನೂ ಕಣ್ಣು ಮುಚ್ಚಿಕೊಂಡು ಮಾಡಿದ್ದ. ಆದರೆ ಅಂಥ ಡಬ್ಬಿಯಲ್ಲಿ ಜೋಡಿ ಒಂಟಿಯಾಗಿರುವುದಿಲ್ಲ. ಪ್ರತಿ ಅಂಚಿನ ಆಚೆಯೂ ಅದರದೇ ನೆರಳುಗಳು ನಿಂತಿರುತ್ತವೆ. ಅವೇ ಸುತ್ತ ನಿಂತು ಇಬ್ಬರನ್ನೂ ಒಳಗೆ ತಳ್ಳುತ್ತಿದ್ದವು. ಅವರನ್ನು ಹಿಡಿದಿಟ್ಟಿದ್ದು ಅವನ ಬಲವಲ್ಲ, ಆ ಗುಂಪು. ಅಂಚು ತೆಗೆದರೆ ಎರಡು ಸುಳಿಗಳೂ ಅಗಲುತ್ತವೆ. ತುಂಬಾ ತುಂಬಾ ನಿಧಾನವಾಗಿ, ಆದರೆ ಖಂಡಿತ.

ಮತ್ತೆ ಮತ್ತೆ ನೋಡಿದೆ. ನನ್ನ ಜನ್ಮದಲ್ಲೇ ಅಷ್ಟು ಅಚ್ಚುಕಟ್ಟಾದ ಪ್ರೂಫ್ ಬರೆದಿರಲಿಲ್ಲ. ಹಾಳಾದ್ದು.

ಸಂದರ್ಶನದವರೆಗೆ ಬಾಯಿಗೆ ಬೀಗ ಹಾಕಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಪ್ರೂಫಿನ ಕೊನೆಯ ಸಾಲೊಂದೇ ಬಾಕಿ ಅಂದರೆ ಸಮಿತಿಯವರು ನಂಬುತ್ತಾರೆ, ಹುದ್ದೆ ಸಿಗುತ್ತದೆ. ಆ ಮಾತು ಹೇಳುತ್ತಾನೆ. ಆಮೇಲೆ ನೋಡಿಕೊಂಡರಾಯಿತು. ಹೀಗಂದುಕೊಂಡೇ ಮರುದಿನ ಕೋಣೆಗೆ ಹೋದೆ.

ಅವನು ಸಂದರ್ಶನದ ಭಾಷಣವನ್ನು ನನ್ನ ಮುಂದೆ ಮಾಡಿ ತೋರಿಸುತ್ತಿದ್ದ. ಹೊಸ ಶರ್ಟು. ಡಬ್ಬಿಯ ಚಿತ್ರ ಬಂದಾಗ ನಿಲ್ಲಿಸಿದ.

"ವೈರಿಗಳು ಯಾಕೆ ಸುಮ್ಮನಿದಾರೆ?"

"ಏನಿಲ್ಲ. ಮುಂದೆ ಹೋಗಿ."

"ನಿಮ್ಮ ಮುಖ ನೋಡಿದ್ರೆ ಗೊತ್ತಾಗಲ್ವಾ ನನಗೆ? ಎಲ್ಲೋ ತೂತಿದೆ. ಎಲ್ಲಿ?"

"ಇವತ್ತು ಬೇಡ ಸುಳಿ. ದಮ್ಮಯ್ಯ."

"ಮುಲಾಜಾ?" ಅಂದ. ನಗುತ್ತಲೇ ಅಂದ. ಮುರಿಯದ ಸೀಮೆಸುಣ್ಣವನ್ನು ನನ್ನ ಕಡೆ ಚಾಚಿದ.

ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಬೋರ್ಡಿನ ಮೇಲೆ ಡಬ್ಬಿ ಬರೆದೆ, ಒಳಗೆ ಎರಡು ಚುಕ್ಕೆ ಇಟ್ಟೆ. ಆಮೇಲೆ ಡಬ್ಬಿಯ ಅಂಚುಗಳನ್ನು ಅಂಗೈಯಿಂದ ಅಳಿಸಿದೆ. ಮುಂದಿನ ಸಾಲು ಬರೆಯುವ ಮೊದಲೇ ಅವನಿಗೆ ಅರ್ಥವಾಗಿ ಹೋಯಿತು. ಕುರ್ಚಿಗೆ ಕುಸಿದ.

"ಡಬ್ಬಿ ದೊಡ್ಡದು ಮಾಡಿದಾಗ ಒಂದು ಕೂದಲೆಳೆಯಷ್ಟು ದೂರ ಹೋಗಿದ್ವು," ಅಂದ. "ಕಂಪ್ಯೂಟರ್ ತಪ್ಪು ಅಂತ ಬಿಟ್ಟೆ."

ಮುಖ ಬಾಡಿತು. ಅರಳುತ್ತದೆ ಅಂತ ಕಾದೆ. ಅವತ್ತು ಅರಳಲಿಲ್ಲ.

"ತುಂಬಾ ಚೆನ್ನಾಗಿದೆ ರೀ," ಅಂದ ಬೋರ್ಡನ್ನೇ ನೋಡುತ್ತ. "ನಿಜವಾಗ್ಲೂ ಚೆನ್ನಾಗಿದೆ."

ಸಂದರ್ಶನಕ್ಕೆ ಆ ಹೊಸ ಶರ್ಟನ್ನೇ ಹಾಕಿಕೊಂಡು ಹೋದ. ಮೊದಲು ತನ್ನ ಡಬ್ಬಿ ತೋರಿಸಿದ, ಆಮೇಲೆ ನನ್ನ ಹೆಸರು ಹಾಕಿ ನನ್ನ ಪ್ರೂಫ್ ತೋರಿಸಿದ. ಇಷ್ಟು ವರ್ಷ ತಾನು ಹೇಳುತ್ತಿದ್ದದ್ದು ನಿಜವಲ್ಲ ಅಂದ. ಬಾಯಿ ಮುಚ್ಚಿಕೊಂಡಿದ್ದರೆ ಹುದ್ದೆ ಅವನದಾಗುತ್ತಿತ್ತು. ಸಮಿತಿಯವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹುದ್ದೆ ಕೊಡಲಿಲ್ಲ.

ಮುಂದಿನ ವಾರ ದೊಡ್ಡಮ್ಮ ನನ್ನನ್ನು ಕರೆದು ಹುದ್ದೆ ನನಗೆ ಅಂದರು.

"ಅದು ಅವರ ಹುದ್ದೆ!" ಕಿರುಚಿಬಿಟ್ಟೆ.

"ಹುದ್ದೆ ಯಾರಪ್ಪನ ಮನೆ ಆಸ್ತಿನೂ ಅಲ್ಲ ಕಣಮ್ಮ. ನೀನು ಬೇಡ ಅಂದ್ರೆ ಅವನಿಗೆ ಕೊಡ್ತಾರೆ ಅಂದ್ಕೊಂಡಿದೀಯಾ? ಇಬ್ಬರಿಗೂ ಇಲ್ಲದ ಹಾಗಾಗುತ್ತೆ ಅಷ್ಟೆ."

ಒಪ್ಪಿಕೊಂಡೆ. ಅಮ್ಮ ಸಂತೋಷಕ್ಕೆ ಅತ್ತಳು. ನಾನೂ ಅತ್ತೆ, ನನ್ನದೂ ಸಂತೋಷವೇ ಅಂದುಕೊಂಡಳು.

ಅವನು ಹೊರಡುವ ಬೆಳಿಗ್ಗೆ ಕೋಣೆಗೆ ಬಿಸಿಲು ಬಂದಿತ್ತು. ದೂರದ ಊರಿನಲ್ಲಿ ಅವನ ಭಾವನ ಟೈಲ್ಸ್ ಅಂಗಡಿ, ನೋಡಿಕೊಳ್ಳಲು ಜನ ಬೇಕಿತ್ತಂತೆ.

"ಅಂಚಿಗೆ ಅಂಚು ಸೇರಿಸೋ ಕೆಲಸ. ಅದೊಂದು ನನಗೆ ಚೆನ್ನಾಗಿ ಬರುತ್ತೆ," ಅಂದ.

ನನಗೆ ನಗು ಬರಲಿಲ್ಲ. "ಒಂದು ಮಾತಿದೆ ಅಂದಿದ್ರಲ್ಲ. ಅದನ್ನ ಹೇಳಿ ಹೋಗಿ."

"ನಿಮಗೆ ಗೊತ್ತಿಲ್ವಾ?"

"ಗೊತ್ತು. ಆದ್ರೂ ನನ್ನ ಕಿವಿಯಾರೆ ಕೇಳ್ಬೇಕು."

"ನೀವಂದ್ರೆ ನನಗೆ ಪ್ರಾಣ," ಅಂದ. ಪುಸ್ತಕ ತುಂಬುವುದನ್ನು ನಿಲ್ಲಿಸಲಿಲ್ಲ. "ಸಾಕಾ?"

"ಸಾಲದು. ನಾನೂ ಬರ್ತೀನಿ."

"ಬಂದು? ಟೈಲ್ಸ್ ಮಾರ್ತೀರಾ? ನಿಮ್ಮನ್ನ ಈ ಬೋರ್ಡ್ ಮುಂದಿಂದ ಎಳ್ಕೊಂಡು ಹೋದ್ರೆ ನನ್ನ ಮುಖ ನಾನೇ ನೋಡ್ಕೊಳ್ಳೋಕಾಗಲ್ಲ."

"ಹಾಗಾದ್ರೆ ನೀವು ಇಲ್ಲೇ ಇರಿ. ಬೇರೆ ಕೆಲಸ ನೋಡೋಣ."

ಅವನು ತಲೆ ಎತ್ತಿದ. "ನಿಮ್ಮನ್ನ ನೋಡಿದಾಗೆಲ್ಲ ಆ ಅಳಿಸಿದ ಡಬ್ಬಿ ಕಾಣುತ್ತೆ ರೀ. ನಿಮ್ಮ ತಪ್ಪು ಒಂದು ಚೂರೂ ಇಲ್ಲ. ಆದ್ರೂ ಕಾಣುತ್ತೆ. ಏನ್ಮಾಡ್ಲಿ?"

ಬೋರ್ಡಿನ ಮೇಲಿದ್ದುದನ್ನು ಅಂಗೈಯಿಂದ ಅಳಿಸಿದೆ. ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಸೀಮೆಸುಣ್ಣ ಮೆತ್ತಿಕೊಂಡೆ. ಅವನು ಹತ್ತಿರ ಬಂದು ಶರ್ಟಿನ ತೋಳಿನಿಂದ ಅದನ್ನು ಒರೆಸಿದ.

"ಕೊನೇ ಸಲ ಆಡೋಣ," ಅಂದ. "ಬನ್ನಿ ವೈರಿಗಳೇ."

ಮೇಜಿನ ಮೇಲೆ ಕೂತೆ. ಅವನು ಖಾಲಿ ಬೋರ್ಡಿನ ಮುಂದೆ ನಿಂತ. ಏನೂ ಬರೆಯಲಿಲ್ಲ.

"ನಾನು ಅಲ್ಲಿರ್ತೀನಿ, ನೀವು ಇಲ್ಲಿರ್ತೀರಿ. ದಿನಾ ಫೋನ್ ಮಾಡ್ತೀನಿ. ರಜಾ ಸಿಕ್ಕಾಗೆಲ್ಲ ಬರ್ತೀನಿ. ಆ ಡಬ್ಬಿ ನನಗೆ ನಿಧಾನಕ್ಕೆ ಮರೆತು ಹೋಗುತ್ತೆ. ಆಮೇಲೆ ಇದೇ ಊರಲ್ಲಿ ಏನಾದ್ರೂ ಕೆಲಸ ಸಿಗುತ್ತೆ. ಆದ್ದರಿಂದ ನಾವಿಬ್ಬರೂ ಅಗಲೋದಿಲ್ಲ." ನನ್ನ ಕಡೆ ತಿರುಗಿದ. "ಎಲ್ಲಿದೆ ತೂತು?"

ಎಲ್ಲಿರಲಿಲ್ಲ? ದಿನದ ಫೋನು ವಾರಕ್ಕೊಮ್ಮೆ ಆಗುತ್ತದೆ. ರಜೆ ಬಂದಾಗ ಅಂಗಡಿಯಲ್ಲಿ ಜನ ಇರುತ್ತಾರೆ. ಅವನು ಮರೆಯುವುದು ಡಬ್ಬಿಯನ್ನಲ್ಲ. ಪ್ರತಿ ಸಾಲಿನಲ್ಲೂ ಒಂದೊಂದು ಕೂದಲೆಳೆ. ನಿಧಾನವಾಗಿ, ಆದರೆ ಖಂಡಿತ. ಅದನ್ನು ಸಾಧಿಸಿದವಳೇ ನಾನು.

"ತೂತಿಲ್ಲ," ಅಂದೆ.

ಅವನು ನನ್ನನ್ನೇ ನೋಡುತ್ತ ನಿಂತ. ಬಾಡಿದ್ದ ಮುಖ ಮೆಲ್ಲಗೆ ಅರಳಿತು, ಮೊದಲಿನ ಹಾಗೆಯೇ.

"ಇದೇ ಮೊದಲನೇ ಸಲ," ಅಂದ, "ನೀವು ಮುಲಾಜು ನೋಡಿದ್ದು."

ಉಳಿದಿದ್ದ ಒಂದು ಇಡೀ ಸೀಮೆಸುಣ್ಣವನ್ನು ನನ್ನ ಅಂಗೈಯಲ್ಲಿಟ್ಟು, ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟ. ನಾನು ಮೇಜಿನಿಂದ ಇಳಿಯಲಿಲ್ಲ. "ಬಿಟ್ಟು ಹೋಗ್ಬೇಡ," ಅಂದೆ. ಆಗ ಕೋಣೆಯಲ್ಲಿ ಯಾರೂ ಇರಲಿಲ್ಲ.