ಕಾಶೀಬಾಯಿ ಹೇಳಿದ ಕೋಣೆಗಳು

“ಸಾ, ಇದೇ ಇರ್ಲಿ ಸಾ. ಟೆರೇಸಿಂದ ಗೋಳಗುಮ್ಮಟ ಕಾಣ್ತದೆ,” ಅಂದ ಮಾದೇಶ್, ಮೇಷ್ಟ್ರ ಮೊಬೈಲಿನ ಮೇಲೆ ಬಗ್ಗಿ.

ಕಾಮಗೆರೆಯ ಶಾಲೆಯಿಂದ ಇಪ್ಪತ್ತನಾಲ್ಕು ಮಕ್ಕಳು ವಿಜಯಪುರಕ್ಕೆ ಟೂರ್ ಹೊರಟಿದ್ದರು. ಮೂರು ರಾತ್ರಿ ಉಳಿಯಲು ಲಾಡ್ಜ್ ಬೇಕಿತ್ತು. ಮಕ್ಕಳು ಕೊಟ್ಟ ದುಡ್ಡಿಗೆ ಎಟುಕುವಂಥವು ಎರಡೇ ಸಿಕ್ಕಿದ್ದವು. ಒಂದರ ಬೋರ್ಡು ಕೆಂಪು, ಇನ್ನೊಂದರದು ನೀಲಿ. ಕೆಂಪು ಬೋರ್ಡಿನದೇ ಎಲ್ಲರಿಗೂ ಇಷ್ಟ. ಫೋಟೋದಲ್ಲಿ ಅದರ ಹಾಸಿಗೆಗಳು ಹಾಲಿನ ಹಾಗೆ ಬೆಳ್ಳಗಿದ್ದವು.

“ಸರಿ, ಅಡ್ವಾನ್ಸ್ ಕಳಿಸಿಬಿಡ್ತೀನಿ. ಆಮೇಲೆ ವಾಪಸ್ ಬರಲ್ಲವಂತೆ, ನೋಡಿ,” ಅಂದರು ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರು.

ಅಷ್ಟರಲ್ಲಿ ಬಾಗಿಲಲ್ಲಿ ಶಿವಮ್ಮ ಬಂದು ನಿಂತಳು. ಮಗಳು ಮಾಲಿನಿಯ ಟೂರಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಕೆಲಸದ ನಡುವೆ ಓಡಿ ಬಂದಿದ್ದಳು. ಆಸ್ಪತ್ರೆಯ ನೀಲಿ ಕೋಟು ಮೈಮೇಲೇ ಇತ್ತು. ಫಿನಾಯಿಲ್ ವಾಸನೆ ಅವಳಿಗಿಂತ ಮೊದಲೇ ಒಳಗೆ ಬಂತು.

ಮಾಲಿನಿ ಪುಸ್ತಕದಲ್ಲಿ ಮುಖ ಹುದುಗಿಸಿದಳು. ಅವ್ವ ಬೇಗ ಸಹಿ ಹಾಕಿ ಹೋದರೆ ಸಾಕಾಗಿತ್ತು.

ಶಿವಮ್ಮ ಸಹಿ ಹಾಕಿದಳು. ಹೋಗಲಿಲ್ಲ. ಮೇಷ್ಟ್ರ ಕೈಯಲ್ಲಿದ್ದ ಫೋಟೋ ನೋಡಿದಳು.

“ಸಾ, ಅಲ್ಲಿ ರೂಮ್ ತೊಳೆಯೋರ್ನ ಕೇಳುದ್ರಾ?”

ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕೆಂದರು. ಮಾಲಿನಿಯ ಕಿವಿ ಬಿಸಿಯಾಯಿತು.

“ಅವರನ್ನ ಯಾಕಮ್ಮ ಕೇಳೋದು?” ಅಂದರು ಮೇಷ್ಟ್ರು.

“ಫೋಟೋದವ್ನು ಒಂದ್ಸಲ ಬಂದು ಓಯ್ತನೆ ಸಾ. ತೊಳೆಯೋರು ದಿನಾ ನೋಡ್ತರೆ.”

 ಮೇಷ್ಟ್ರು ಕೆಂಪು ಬೋರ್ಡಿನ ನಂಬರು ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಶಿವಮ್ಮನ ಮುಂದೆ ಹಿಡಿದರು.

“ಸ್ವಾಮಿ, ನಿಮ್ಮಲ್ಲಿ ರೂಮ್ ಕ್ಲೀನ್ ಮಾಡೋರು ಇದ್ರೆ ಒಸಿ ಫೋನ್ ಕೊಡಿ.”

“ಅವರ ಹತ್ರ ಏನ್ ಕೆಲ್ಸ? ಬುಕ್ ಮಾಡೋದಾದ್ರ ಮಾಡ್ರಿ,” ಅಂದು ಮ್ಯಾನೇಜರ್ ಕಟ್ ಮಾಡಿದ.

ಮಕ್ಕಳು ಈಗ ಜೋರಾಗಿಯೇ ನಕ್ಕರು. ಮೇಷ್ಟ್ರು ಮಾತ್ರ ನಗಲಿಲ್ಲ. ನೀಲಿ ಬೋರ್ಡಿನ ನಂಬರು ಒತ್ತಿದರು. ಅಲ್ಲಿಯ ಮ್ಯಾನೇಜರ್ ಶಿವಮ್ಮನ ಮಾತು ಕೇಳಿ ನಕ್ಕು, “ಏ ಕಾಶೀಬಾಯಿ, ಇಲ್ಲಿ ಬಾ. ನಿನಗ ಫೋನ್ ಬಂದೈತಿ,” ಎಂದು ಕೂಗಿದ.

“ನನಗೇನ್ರೀ?” ಎಂಬ ದನಿ ದೂರದಿಂದ ಹತ್ತಿರವಾಯಿತು. “ಯಾರ್ರೀ?”

“ಅಕ್ಕ, ನಾನು ಕಾಮಗೆರೆ ಶಿವಮ್ಮ ಅಂತ. ಆಸ್ಪತ್ರೇಲಿ ವಾರ್ಡ್ ತೊಳೆಯೋಳು. ನಮ್ ಮಕ್ಕಳು ನಿಮ್ಮೂರ್ಗೆ ಬತ್ತಾವೆ. ಯಾವ ರೂಮ್ ಚೆಂದಾಗವೆ, ನೀನೇ ಹೇಳು.”

ಕಾಶೀಬಾಯಿಯ ದನಿ ತಗ್ಗಿತು.

“ಸಾಹೇಬ್ರು ಇಲ್ಲೇ ನಿಂತಾರ್ರೀ. ಖರೇ ಹೇಳ್ಲೇನು?”

“ಹೇಳ, ಹೇಳ,” ಅಂದ ಮ್ಯಾನೇಜರ್.

“ಮ್ಯಾಲಿನ ಮಾಳಗಿ ಬ್ಯಾಡ್ರಿ. ಮುಂಜಾನಿ ಏಳರ ಮ್ಯಾಲ ನೀರು ಏರಂಗಿಲ್ಲ. ಕೆಳಗಿನ ಆರು ಖೋಲಿ ತಗೋರಿ. ಮೂರನೇದರ ಚಿಲಕ ಮುರದೈತಿ. ಮಕ್ಕಳು ಬರೂದ್ರಾಗ ಮಾಡಿಸಿಡ್ತೀನಿ. ಹೊಚಗೊಳ್ಳೋ ಚಾದರ ನಾನೇ ಬ್ಯಾರೆ ಒಗದಿಡ್ತೀನ್ರಿ.”

ಮೇಷ್ಟ್ರು ಹಾಳೆಯ ಮೇಲೆ ಬರೆದುಕೊಳ್ಳತೊಡಗಿದರು. ಶಿವಮ್ಮ ಒಂದೊಂದೇ ಕೇಳಿದಳು. ಕುಡಿಯೋ ನೀರು ಎಲ್ಲಿಂದ? ಸಂಡಾಸಿನ ಲೈಟು ಉರೀತದಾ? ರಾತ್ರಿ ಗೇಟು ಯಾರು ಹಾಕ್ತಾರೆ? ವಾರ್ಡಿನಲ್ಲಿ ಮಂಚದ ಕೆಳಗೆಲ್ಲ ಬಗ್ಗಿ ನೋಡುವಂತೆ, ಅವಳ ಪ್ರಶ್ನೆ ಒಂದು ಮೂಲೆಯನ್ನೂ ಬಿಡಲಿಲ್ಲ.

ಕ್ಲಾಸಿನಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಚಿಲಕವಿಲ್ಲದ ಕೋಣೆಯಲ್ಲಿ ಮಲಗುವುದನ್ನು ನೆನೆದು, ಪಕ್ಕದಲ್ಲಿ ಕೂತಿದ್ದ ಶೃತಿ ಮಾಲಿನಿಯ ಕೈ ಹಿಡಿದುಕೊಂಡಿದ್ದಳು. “ನಿಮ್ಮವ್ವ ಕೇಳ್ದೆ ಇದ್ದಿದ್ರೆ?” ಎಂದು ಪಿಸುಗುಟ್ಟಿದಳು.

ಮಾಲಿನಿ ಯಾವಾಗ ತಲೆ ಎತ್ತಿದಳೋ ಅವಳಿಗೇ ತಿಳಿಯದು.

“ನಮ್ ಮಕ್ಕಳು ಕಸ ಎಸ್ದು ಬರಾಕಿಲ್ಲ ಕಣಕ್ಕ. ನಾನು ಹೇಳಿ ಕಳುಸ್ತೀನಿ,” ಅಂದಳು ಶಿವಮ್ಮ.

“ಇಪ್ಪತ್ತು ವರ್ಷಾತ್ರೀ ಇಲ್ಲಿ. ನನ್ನ ಯಾರೂ ಒಂದ ಮಾತ ಕೇಳಿದ್ದಿಲ್ಲ,” ಅಂದಳು ಕಾಶೀಬಾಯಿ. “ಅಕ್ಕಾರ, ನಿಮ್ಮ ಮಗಳೂ ಬರ್ತಾಳೇನು? ಗುರ್ತು ಹ್ಯಾಂಗ ಹಿಡೀಲಿ?”

ಮಾಲಿನಿ ಬೆಂಚಿನಿಂದ ಎದ್ದು ಬಂದಳು. ಫೋನಿನ ಹತ್ತಿರ ಬಾಯಿ ತಂದಳು.

“ನಾನೇ ಅಕ್ಕ, ಮಾಲಿನಿ. ನಮ್ಮವ್ವನಂಗೇ ಇವ್ನಿ.”

“ನಿಮ್ಮವ್ವನ್ನ ನಾ ಎಲ್ಲಿ ನೋಡೀನವ್ವಾ?” ಎಂದು ಕಾಶೀಬಾಯಿ ನಕ್ಕಳು.

ಹೌದಲ್ಲ. ಮಾಲಿನಿ ಅವ್ವನ ಕಡೆ ತಿರುಗಿದಳು. ದಿನಾ ನೋಡುವ ಮುಖವನ್ನೇ ನಿಧಾನವಾಗಿ ನೋಡಿದಳು.

“ಎತ್ತರ ಅವ್ರೆ ಅಕ್ಕ. ಮೂಗುಬೊಟ್ಟು ಅದೆ. ನೀಲಿ ಕೋಟು ಆಕ್ಕಂಡವ್ರೆ...” ಸ್ವಲ್ಪ ತಡೆದು, “ಯಾರ್ನ ಮಾತಾಡ್ಸಕೂ ಎದ್ರಾಕಿಲ್ಲ,” ಅಂದಳು.

“ಸಾಕು ಬುಡು ಮಗ,” ಎಂದು ಶಿವಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇನ್ನೂ ಅದೆ, ಇರವ್ವ,” ಅಂದಳು ಮಾಲಿನಿ.