ಹೊಳೆಯ ಕೈ ಅಳತೆ

"ನಮ್ಮ ದಂಡಿ ಎಲ್ಲೈತ್ರಿ ಇದರಾಗ?"

ಏಣಿಯ ಮೇಲಿದ್ದ ಪರಮಾನಂದ ಬೆಚ್ಚಿಬಿದ್ದ. ಬಣ್ಣದ ಡಬ್ಬಿ ಕೈಜಾರುವುದೊಂದು ಬಾಕಿ!

ಕೆಳಗೆ ಸೊಂಟದ ಮೇಲೆ ಕೈಯಿಟ್ಟು ನಿಂತವಳು ರೇಣವ್ವ. ಕೃಷ್ಣೆಯ ದಂಡೆಯ ಅಂಬಿಗರ ಮಗಳು.

ಆಲಮಟ್ಟಿಯಲ್ಲಿ ಅಣೆಕಟ್ಟು ಏಳುತ್ತಿದ್ದ ಎಪ್ಪತ್ತರ ದಶಕದ ದಿನಗಳು ಅವು. ಕಟ್ಟೋಣ ನೋಡಲು ಇಂಡಿ, ಮುದ್ದೇಬಿಹಾಳದ ಕಡೆಯಿಂದೆಲ್ಲ ಜನ ಬಸ್ಸು ತುಂಬಿಕೊಂಡು ಬರುತ್ತಿದ್ದರು. ಅವರಿಗಾಗಿ ಬಸ್ ನಿಲ್ದಾಣದ ಗೋಡೆಯ ಮೇಲೆ 'ನೋಡತಕ್ಕ ಸ್ಥಳಗಳು' ಎಂಬ ದೊಡ್ಡ ನಕ್ಷೆ ಬರೆಯಲು ಸಿಂದಗಿಯಿಂದ ಬಂದ ಪೇಂಟರ್ ಈ ಪರಮಾನಂದ.

"ಬಾಗೇವಾಡಿ ಗುಡಿ ಐತಿ, ಇಂಗಳೇಶ್ವರದ ಗವಿ ಐತಿ, ಇನ್ನೂ ಕಟ್ಟಾಕತ್ತಿದ ಡ್ಯಾಮೂ ಐತಿ. ನಮ್ಮ ದಂಡಿ?"

"ಅಲ್ಲೇನೈತವ್ವಾ ನೋಡಾಕ? ಒಂದು ದೋಣಿ, ನಾಕು ಕಲ್ಲು."

ಅಯ್ಯೋ, ಆಡಬಾರದ ಮಾತು ಆಡಿಯೇಬಿಟ್ಟ!

ರೇಣವ್ವನ ಮುಖ ಕೆಂಪಾಯಿತು. "ಏಣಿ ಮ್ಯಾಲೆ ನಿಂತವರಿಗೆ ಎಲ್ಲಾ ಸಣ್ಣದ ಕಾಣ್ತೈತಿ. ಇಳದು ಬರ್ರಿ. ನೋಡಿ ಬಂದ ಮ್ಯಾಲೆ ಮಾತಾಡ್ರಿ!"

ಅಂದವಳೇ ತಿರುಗಿ ನಡೆದಳು. ಪರಮಾನಂದನಿಗೆ ಆ ದಿನ ಬಾಗೇವಾಡಿಯ ಗುಡಿಯ ಗೋಪುರ ಎರಡು ಸಲ ಸೊಟ್ಟಗೆ ಬಂತು.

ಮರುದಿನ ಸಂಜೆ ಅವನು ದಂಡೆಗೆ ಬಂದ. ರೇಣವ್ವನ ಅಪ್ಪನಿಗೆ ಭುಜದ ನೋವು. ದೋಣಿಯ ಹುಟ್ಟು ಅವಳ ಕೈಯಲ್ಲಿತ್ತು.

'ಬಂದನಲ್ಲ ಸಾಹೇಬ...' ಎಂದುಕೊಂಡಳು. ಎದೆ ಯಾಕೋ ಡವಡವ ಅಂದಿತು.

ಮೊದಲು ತೋರಿಸಿದ್ದು ದೋಣಿ ಕಟ್ಟುವ ಕರಿಕಲ್ಲು. ಅದರ ಸುತ್ತ ಹಗ್ಗ ಉಜ್ಜಿ ಉಜ್ಜಿ ಆಳವಾದ ಗೀರು ಬಿದ್ದಿತ್ತು.

"ಕೈ ಇಡ್ರಿ ಅದರಾಗ."

ಇಟ್ಟ. ಬೆರಳುಗಳೆಲ್ಲ ಒಳಗೆ ಮುಳುಗಿದವು.

"ನಮ್ಮ ಮುತ್ಯಾನ ಮುತ್ಯಾ ಕಟ್ಟಿದ ಹಗ್ಗದ ಗುರುತು ಇದು. ಉಳಿ ಮುಟ್ಟಿಸಿಲ್ಲ. ಬರೇ ಹಗ್ಗ ಕೊರದೈತಿ. ಎಷ್ಟು ಮಂದಿನ್ನ ದಾಟಿಸಿರಬೇಕ್ರಿ ನಾವು?"

ಅವನು ಗೀರಿನುದ್ದಕ್ಕೂ ಬೆರಳಾಡಿಸಿದ. ಆಮೇಲೆ ನಡುಗಡ್ಡೆ, ಅಲ್ಲಿನ ಕಲ್ಲಂಗಡಿ ಬಳ್ಳಿ, ರೆಕ್ಕೆ ಹರಡಿ ಮೈ ಒಣಗಿಸುವ ನೀರುಕಾಗೆಗಳು... ಎಲ್ಲವನ್ನೂ ತನ್ನ ಮನೆಯ ಪಡಸಾಲೆ ತೋರಿಸುವ ಗತ್ತಿನಲ್ಲಿ ತೋರಿಸಿದಳು.

"ಮುಂದ ಇಲ್ಲಿ ಸಮುದ್ರದಂಗ ನೀರು ನಿಲ್ತೈತಂತ. ದೊಡ್ಡ ಬಂದರ ಆದ್ರೂ ಆದೀತು," ಎಂದಳು. ದನಿ ಸಣ್ಣದಾಯಿತು. "ಆದ್ರ ಈ ಕಲ್ಲು ಮುಳಗ್ತೈತಿ. ನಾವೂ ಒಂದು ಊರಿದ್ವಿ ಅಂತ ಗ್ವಾಡಿ ಮ್ಯಾಲಾರೆ ಇರ್ಲಿ ಅಂದೆ. ತಪ್ಪೇನ್ರಿ?"

"ತಪ್ಪು ನಂದು," ಎಂದ ಪರಮಾನಂದ. ಮರಳುವಾಗ ದಂಡೆಯ ಮೇಲಿನ ಅವಳ ಮನೆಯತ್ತ ನೋಡಿ ಕೇಳಿದ, "ನಿಮ್ಮವ್ವ ಕಾಣವಲ್ಲರು?"

"ನಾ ಸಣ್ಣಾಕಿ ಇದ್ದಾಗ ಹೋದ್ಳು. ಈ ಹೊಳಿನ ನಮ್ಮವ್ವ. ಮನ್ಯಾಗ ಏನ ಶುಭ ಇದ್ರೂ ಮದಲ ಆಕಿಗೆ ಉಡಿ ತುಂಬತೇವ್ರಿ. ಆಕಿನ್ನ ಕೇಳದ ಏನೂ ಮಾಡೂದಿಲ್ಲ."

ಅವತ್ತಿನಿಂದ ಪೇಂಟರನಿಗೆ ದಿನಾ ಸಂಜೆ ಹೊಳೆ ದಾಟುವ ಕೆಲಸ ಬೀಳತೊಡಗಿತು. ಆಚೆ ದಂಡೆಯಲ್ಲಿ ಅವನಿಗೆ ಏನಿತ್ತೋ, ಶಿವನೇ ಬಲ್ಲ! ರೇಣವ್ವನೂ ಕೇಳಲಿಲ್ಲ. ಆದರೆ ಮಧ್ಯಾಹ್ನ ಇಳಿಯುತ್ತಲೇ ತಲೆ ಬಾಚಿಕೊಳ್ಳುತ್ತಿದ್ದಳು.

ಹೀಗಿರುವಾಗ ಬಳೆಗಾರ್ತಿ ಜೋಹರಾಬಿ ಬಂದು ದೋಣಿ ಹತ್ತಿದಳು.

"ಏ ರೇಣವ್ವಾ, ಆ ಪೇಂಟರ್ ಹುಡುಗಗ ಲಗ್ನ ಗಟ್ಟಿ ಆದಂಗೈತಿ ನೋಡ. ಹಸರ ಬಳಿ ತಗೊಂಡ. ಕೈ ಅಳತಿ ಎಷ್ಟಪಾ ಅಂದ್ರ, ಗೊತ್ತಿಲ್ಲ ಅಂದ! ಹುಡುಗಿ ಮಾರಿನೂ ನೋಡಿಲ್ಲ ಕಾಣಸ್ತೈತಿ."

ಹುಟ್ಟು ನೀರಿನಲ್ಲೇ ನಿಂತಿತು.

'ಹೌದಾ...? ಹಂಗಾದ್ರ ದಿನಾ ಬಂದದ್ದು ಬರೇ ದಂಡಿ ನೋಡಾಕ? ನಾ ಎಂಥಾ ಹುಚ್ಚಿ!'

ನೀವು ಇಷ್ಟೊತ್ತಿಗೆ ಊಹಿಸಿರುತ್ತೀರಿ. ಆದರೆ ಮನಸ್ಸು ಕೊಟ್ಟವಳಿಗೆ ಕಣ್ಣೆದುರಿನದೂ ಕಾಣುವುದಿಲ್ಲ ನೋಡಿ.

ಅಂದು ಸಂಜೆ ಪರಮಾನಂದ ಗಂಟೊಂದನ್ನು ಎದೆಗವಚಿಕೊಂಡು ಬಂದ. ಗಂಟಿನ ಸಂದಿಯಿಂದ ಹಸಿರು ಸೀರೆಯ ಸೆರಗು ಇಣುಕುತ್ತಿತ್ತು.

"ನಡಹೊಳಿಗೆ ಕರಕೊಂಡು ಹೋಗ್ತೀಯೇನ?"

ಬರೋದಿಲ್ಲ ಎನ್ನಬೇಕೆನಿಸಿತು. ಆದರೆ ದೋಣಿ ಹತ್ತಲು ಬಂದವರಿಗೆ ಇಲ್ಲ ಅಂದದ್ದು ಅವಳ ವಂಶದಲ್ಲೇ ಇಲ್ಲ. ಕಣ್ಣೀರು ತೋರಿಸುವ ಜಾಯಮಾನವೂ ಅಲ್ಲ.

"ಹತ್ರಿ," ಎಂದಳು. ತಲೆಯೆತ್ತಿ, ನೆಟ್ಟಗೆ ಕೂತು ಹುಟ್ಟು ಹಾಕಿದಳು. "ಲಗ್ನಕ್ಕ ನಮ್ಮನ್ನೂ ಕರೀರಿ. ನಿಮ್ಮ ಬೀಗರನ್ನ ಪುಕ್ಕಟೆ ದಾಟಸ್ತೇನಿ!"

"ಯಾರ ಲಗ್ನ?"

"ಮತ್ತ ಆ ಸೀರಿ, ಆ ಬಳಿ ಯಾರಿಗ್ರಿ?"

ಪರಮಾನಂದ ಗಂಟು ಬಿಚ್ಚಿದ. ಸೀರೆ, ಕುಪ್ಪಸದ ಖಣ, ಬಳೆ, ಅಕ್ಕಿ, ಕೊಬ್ಬರಿ ಬಟ್ಟಲು.

"ನಿಮ್ಮವ್ವಗ. ಏನ ಶುಭ ಇದ್ರೂ ಆಕಿನ್ನ ಕೇಳ್ತೇವಿ ಅಂದಿದ್ದೆಲ್ಲ... ಕೇಳಾಕ ಬಂದೇನಿ. ಜೋಹರಾಬಿ ಅಳತಿ ಕೇಳಿದ್ಳು. ಹೊಳಿ ಕೈ ಅಳತಿ ನನಗೆಂಗ ಗೊತ್ತಾಗ್ಬೇಕ?"

ರೇಣವ್ವ ಬಳೆಗಳನ್ನು ನೋಡಿದಳು, ಹೊಳೆಯನ್ನು ನೋಡಿದಳು. ಆಮೇಲೆ ಎಂಥ ನಗು ಬಂತೆಂದರೆ, ದೋಣಿ ಅಲ್ಲಾಡಿಹೋಯಿತು! ನಗುನಗುತ್ತಲೇ ಕಣ್ಣುಗಳೂ ತುಂಬಿದವು.

"ಅಯ್ಯ ಶಿವನ! ಗಂಡಸರು ಎಲ್ಲಾರೆ ಉಡಿ ತುಂಬತಾರೇನ್ರಿ? ಮುತ್ತೈದಿ ಬೇಕು! ನಿಮ್ಮನ್ಯಾಗ ಹೆಂಗಸರು ಯಾರೂ ಹೇಳಲಿಲ್ಲೇನು?"

"ನಮ್ಮನ್ಯಾಗ ಹೆಂಗಸರ ಇಲ್ಲ. ನಾ ಒಬ್ಬನ."

ಅವಳ ನಗು ನಿಂತಿತು.

"ಹಂಗಾದ್ರ ಹಿಂಗ ಮಾಡೂಣು," ಎಂದ ಅವನು ಮೆಲ್ಲಗೆ. "ಗಂಟು ನೀ ಇಟ್ಕೋ. ನನ್ನ ಮದಿವಿ ಆಗು. ಆಮ್ಯಾಲೆ ನಿನ್ನ ಕೈಲೆ ನೀನ ತುಂಬು."

ರೇಣವ್ವನ ಎದೆ ತುಂಬಿ ಬಂತು. ಆದರೂ ಗದ್ದ ಎತ್ತಿಯೇ ಕೇಳಿದಳು. "ನಮ್ಮೂರಿಲ್ಲದ ನಕಾಶಿ ಬರದವರ ಮನೀಗೆ ನಾ ಬರೂದಿಲ್ಲ. ಗ್ವಾಡಿ ಮ್ಯಾಲೆ ನಮ್ಮ ದಂಡಿ ಐತೇನು?"

"ನಿನ್ನೆನ ಬರದೇನಿ. ದೋಣಿ ಡ್ಯಾಮಿಗಿಂತ ದೊಡ್ಡದಾತು. ಅಳಸು ಅಂತ ಮ್ಯಾಲಿನವರು ಬೈದ್ರು."

"ಅಳಸಿದ್ರಿ?"

"ನೋಡಿ ಬಂದ ಮ್ಯಾಲೆ ಮಾತಾಡ್ರಿ ಅಂದೆ."

ತನ್ನದೇ ಮಾತು! ಅವನ ಉಗುರಿನ ಸಂದಿಯಲ್ಲಿ ಹೊಳೆಯ ನೀಲಿ ಇನ್ನೂ ಅಂಟಿತ್ತು. ರೇಣವ್ವ ಹುಟ್ಟನ್ನು ಮಡಿಲಲ್ಲಿಟ್ಟು ಗಂಟು ಎತ್ತಿಕೊಂಡಳು. ಬಳೆಗಳನ್ನು ಮಾತ್ರ ಮುಟ್ಟಲಿಲ್ಲ.

"ಹಾಕ್ಕೊಂಡು ನೋಡೂದಿಲ್ಲೇನು?" ಎಂದ.

"ಇವು ನಮ್ಮವ್ವನವು. ನನಗ ಬ್ಯಾರೆ ತರ್ರಿ." ಅವನ ಮುಂದೆ ಮುಂಗೈ ಚಾಚಿದಳು. "ಹಿಡೀರಿ... ಈ ಸಲ ಅಳತಿ ತಗೊಂಡು ಹೋಗ್ರಿ."