ತದಡಿ ಬಂದರಿನಲ್ಲಿ ಬರಿದಾದ ಟ್ಯಾಂಕು

ನಲ್ಲಿ ತಿರುಗಿಸಿದರೆ ಗೊರ್ ಎಂದಿತು, ಅಷ್ಟೇ. ನರೇಶನ ಬಾಯಿ ತುಂಬ ಪೇಸ್ಟಿನ ನೊರೆ, ಮುಕ್ಕಳಿಸಲು ಹನಿ ನೀರಿಲ್ಲ. ರಾತ್ರಿ ತುಂಬಿಸಿದ್ದ ಬಾಡಿಗೆ ಕ್ಯಾರವಾನಿನ ಟ್ಯಾಂಕು ಬರಿದಾಗಿತ್ತು.

"ಯಾರೋ ನೀರು ಕದ್ದಿದಾರೆ," ಎಂದ.

ಅವನ ತಂಗಿ ನಂದಿತಾ ಹಣೆ ಚಚ್ಚಿಕೊಂಡಳು. ಅವಳು ಹಲಸೂರು ಕಡೆಯ ಪೊಲೀಸ್ ಠಾಣೆಯೊಂದರಲ್ಲಿ ಎಎಸ್‌ಐ. ರಜೆ ಹಾಕಿ ಜೋಗುಪಾಳ್ಯದಿಂದ ಉತ್ತರದ ಕರಾವಳಿಯ ಈ ಪುಟ್ಟ ಬಂದರಿಗೆ ಬಂದರೂ ಕಳ್ಳತನದ ಪಂಚಾಯಿತಿ ತಪ್ಪಲಿಲ್ಲ. ಮೊದಲೇ ಅಮ್ಮ ಆದಿಲಕ್ಷ್ಮಿಯ ಕಾಟ ಸಾಕಾಗಿತ್ತು. ಗಾಡಿಯೊಳಗೆ ಅನ್ನ ಬೇಯಿಸುವ ಒಲೆಯ ಪಕ್ಕ ಕಕ್ಕಸೇ, ಯಾರೂ ಅದನ್ನು ಮುಟ್ಟಕೂಡದು ಎಂದು ಹೊರಟ ದಿನವೇ ಆಜ್ಞೆಯಾಗಿತ್ತು. ಅಂದಿನಿಂದ ಎಲ್ಲರೂ ಊರೂರಿನ ಶೌಚಾಲಯ ಹುಡುಕುತ್ತಿದ್ದರು.

"ಡ್ರೈವರ್ರೇ ಬೋಟ್‌ನವ್ರಿಗೆ ಮಾರ್ಕೊಂಡಿದಾನೆ. ಗಾಡಿ ಓನರ್‌ಗೆ ಫೋನ್ ಮಾಡಿ ಹೇಳ್ಬಿಟ್ಟೆ," ಎಂದ, ಹೊರಗೆ ಹೋಗಿ ಬಾಯಿ ಒರೆಸಿಕೊಂಡು ಬಂದ ನರೇಶ. "ಅವನು ಕೀ ನಮ್ಗೆ ಕೊಟ್ಟು ಬಸ್ ಹತ್ಲಿ ಅಂದ್ರು."

ಡ್ರೈವರ್, ಶಿವಾಜಿನಗರದ ಹಾಶಿಮ್, ಕೀ ಹಿಡಿದು ನಿಂತಿದ್ದ. "ಕಳ್ಳ ಅಂತ ವಾಪಸ್ ಹೋದ್ರೆ ನಂಗೆ ಇನ್ಯಾರು ಗಾಡಿ ಕೊಡ್ತಾರೆ ಮೇಡಂ?"

"ಬೆಳಿಗ್ಗೆ ನೀವೆಲ್ಲ ಮೀನು ಹರಾಜು ನೋಡಕ್ಕೆ ಹೋದಾಗ ಹೊರಗೆ ಪೈಪ್ ಎಳ್ದಂಗಾಯ್ತು," ಎಂದಳು ಆದಿಲಕ್ಷ್ಮಿ. ಆ ಸೆಖೆಯಲ್ಲೂ ತಲೆ ತುಂಬ ಸೆರಗು ಹೊದ್ದಿದ್ದಳು.

* * *

ಪಕ್ಕದ ಬೋಟಿನ ಮೇಲೆ ಒದ್ದೆ ಪೈಪು ಬಿದ್ದಿತ್ತು. ನಂದಿತಾ ಕೇಳಿದ್ದಕ್ಕೆ ಬೋಟಿನ ಜಟ್ಟೆಪ್ಪ ಸಿಡುಕಿದ. "ನಮ್ಗೆ ಐಸ್ ಫ್ಯಾಕ್ಟರಿ ನೀರು ಅದೆ. ನಿಮ್ದು ಯಾಕೆ? ಬಂದರಿನ ಶೌಚಾಲಯದ ನಲ್ಲಿ ಮಾತ್ರ ನಿನ್ನೆಯಿಂದ ಬಂದ್."

ಅವಳಿಗೆ ಏನೋ ಹೊಳೆಯಿತು. ಹಾಶಿಮ್‌ನನ್ನು ಕರೆದಳು.

"ಬಳಸಿದ ನೀರು ಕೆಳಗಿನ ಟ್ಯಾಂಕ್‌ಗೆ ತಾನೆ ಹೋಗೋದು? ನೋಡು."

ಅವನು ಬಗ್ಗಿ ನೋಡಿದ. "ತುಂಬ್ಬಿಟ್ಟಿದೆ ಮೇಡಂ. ನೆನ್ನೆ ಸಂಜೆ ನಾನೇ ಖಾಲಿ ಮಾಡಿದ್ದೆ."

* * *

"ಕದ್ದಿದ್ರೆ ನೀರು ಗಾಡಿ ಬಿಟ್ಟು ಹೋಗ್ಬೇಕಿತ್ತು," ಎಂದಳು ನಂದಿತಾ. "ಅದು ಕೆಳಗಿನ ಟ್ಯಾಂಕ್‌ಗೆ ಇಳ್ದಿದೆ. ಅಂದ್ರೆ ಒಳಗೇ ಯಾರೋ ಸುರ್ದಿದಾರೆ. ನಾವೆಲ್ಲ ಹರಾಜಿಗೆ ಹೋದಾಗ ಒಳಗಿದ್ದಿದ್ದು ಒಬ್ರೇ. ಅಮ್ಮ, ಸೆರಗು ತೆಗಿ."

ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಶೌಚಾಲಯದಲ್ಲಿ ನೀರಿಲ್ಲ. ಇದೆಲ್ಲಿಂದ ಬಂತು?"

ಆದಿಲಕ್ಷ್ಮಿ ನೆಲ ನೋಡಿದಳು. "ಮಂಡಿ ನೋವು ಕಣೇ. ಅಷ್ಟು ದೂರ ನಡಿಯಕ್ಕಾಗ್ಲಿಲ್ಲ, ಒಳಗೇ ಹೋದೆ. ಒಲೆ ಪಕ್ಕ ಹಂಗೇ ಬಿಡಕ್ಕಾಗತ್ತಾ? ತೊಳ್ದೆ. ತಲೆಗೆ ನೀರು ಹಾಕ್ಕೊಂಡೆ. ಮನ್ಸು ಒಪ್ಲಿಲ್ಲ, ಮತ್ತೆ ತೊಳ್ದೆ."

"ಪೈಪ್ ಸದ್ದು?"

ಆದಿಲಕ್ಷ್ಮಿ ಸೆರಗನ್ನು ಮತ್ತೆ ತಲೆಗೆ ಎಳೆದುಕೊಂಡಳು. ನಂದಿತಾಗೆ ರೇಗಿ ಹೋಯಿತು. "ನಿನ್ ಮರ್ಯಾದೆಗೆ ಅವನ ಅನ್ನ ಕಿತ್ಕೊಂಡ್ಯಲ್ಲಮ್ಮ."

ನರೇಶ ಮುಖ ಸಪ್ಪಗೆ ಮಾಡಿಕೊಂಡು ಓನರ್‌ಗೆ ಫೋನ್ ಹಚ್ಚಿದ. "ಸಾರ್, ಅದೇನೋ ಸ್ವಲ್ಪ ಕನ್‌ಫ್ಯೂಷನ್..."

"ಕನ್‌ಫ್ಯೂಷನ್ ಏನ್ರೀ? ಕದ್ದನಾ ಇಲ್ವಾ?" ಎಂದಿತು ಆ ಕಡೆಯ ದನಿ.

ನರೇಶ ತೊದಲಿದ. ಆದಿಲಕ್ಷ್ಮಿ ಒಮ್ಮೆ ಹಾಶಿಮ್‌ನ ಮುಖ ನೋಡಿದಳು. ಮಗನ ಕೈಯಿಂದ ಫೋನ್ ತೆಗೆದುಕೊಂಡಳು.

"ಹುಡುಗ ಕದ್ದಿಲ್ಲ ಸ್ವಾಮಿ. ನಾನು ಕಕ್ಕಸಿಗೆ ಹೋಗಿದ್ದೆ."

ಬೋಟುಗಳ ಎಂಜಿನ್ ಗದ್ದಲದಲ್ಲಿ ಆತನಿಗೆ ಕೇಳಿಸಲಿಲ್ಲ. "ಏನಂದ್ರಿ? ಜೋರಾಗಿ ಹೇಳಿ."

ಅವಳು ಜೋರಾಗಿಯೇ ಹೇಳಿದಳು. ಮೀನು ವಿಂಗಡಿಸುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು.

"ಕಕ್ಕಸಿಗೆ ಹೋಗಿದ್ದೆ ಕಣಪ್ಪ. ನಾನೇ, ಆದಿಲಕ್ಷ್ಮಿ."